ಟ್ಯಾಬ್ ಬಂತು, ಪ್ರಶ್ನೆ ಹಳೆಯದೇ ಉಳಿಯಿತು

ಯಾವ ಪತ್ರಿಕೆಯನ್ನು ಎಷ್ಟು ಜನ ಓದುತ್ತಾರೆ ಎಂದು ಮನೆ ಮನೆಗೆ ಹೋಗಿ ಕೇಳುವ ನಮ್ಮ ಸರ್ವೇ ಕೆಲಸದಲ್ಲಿ 'ಮಾಡರ್ನೈಸ್' ಎಂಬ ಮಾತು ಬಂದಾಗಲೆಲ್ಲ ಹೊಸದೊಂದು ಯಂತ್ರ ಬರುತ್ತದೆ. ಪೇಪರ್-ಪೆನ್ಸಿಲ್ ಹೋಗಿ ಟ್ಯಾಬ್ ಬಂತು. ಆಮೇಲೆ ಜಿಪಿಎಸ್, ಆಮೇಲೆ ಆಡಿಯೊ ರೆಕಾರ್ಡಿಂಗ್, ಆಮೇಲೆ ಲೈವ್ ಡ್ಯಾಶ್‌ಬೋರ್ಡ್. ಇವೆಲ್ಲ ಪ್ರಶ್ನೆ ಕೇಳಲು ಹೋಗುವ ಇನ್ವೆಸ್ಟಿಗೇಟರ್ ಮೇಲೆ ಕಣ್ಣಿಡಲಿಕ್ಕೆ. ಓದುಗರಿಗೆ ಕೇಳುವ ಪ್ರಶ್ನೆ ಮಾತ್ರ ನಾನು ಕೆಲಸಕ್ಕೆ ಸೇರಿದಾಗ ಹೇಗಿತ್ತೋ ಹೆಚ್ಚುಕಡಿಮೆ ಹಾಗೇ ಇದೆ. ಇದು ಸರಿಯಲ್ಲ ಅಂತ ನನಗೆ ಖಾತ್ರಿಯಾದದ್ದು ಅರಸೀಕೆರೆ ಕಡೆಯ ಒಂದು ಹೋಬಳಿ ಊರಿನಲ್ಲಿ.

ಅದು ದೇಶವ್ಯಾಪಿ ನಡೆಯುವ ದೊಡ್ಡ ಐಆರ್‌ಎಸ್ (ಇಂಡಿಯನ್ ರೀಡರ್‌ಶಿಪ್ ಸರ್ವೇ) ಅಲ್ಲ. ಒಂದು ಕನ್ನಡ ದಿನಪತ್ರಿಕೆ ತನ್ನ ಮಟ್ಟಿಗೆ ಮಾಡಿಸಿದ ಸರ್ವೇ. ಪತ್ರಿಕೆಯ ಹೆಸರೂ ಬೇಡ, ನಮ್ಮ ಏಜೆನ್ಸಿಯ ಹೆಸರೂ ಬೇಡ. ಅಳೆಯುವ ರೀತಿ ಮಾತ್ರ ಐಆರ್‌ಎಸ್‌ನದ್ದೇ. ಊರಲ್ಲಿ ಶುರು ಮಾಡಲು ಒಂದು ಸ್ಟಾರ್ಟಿಂಗ್ ಪಾಯಿಂಟ್, ಅಲ್ಲಿಂದ ಬಲಗೈ ಕಡೆಗೇ ಸಾಗುವ ರೈಟ್ ಹ್ಯಾಂಡ್ ರೂಲ್, ಮನೆಯಲ್ಲಿ ಯಾರನ್ನು ಕೇಳಬೇಕೆಂದು ಆರಿಸುವ ಕಿಶ್ ಗ್ರಿಡ್ ಕೋಷ್ಟಕದ ಪ್ರಕಾರ 12 ವರ್ಷ ದಾಟಿದ ಒಬ್ಬರು. ಆಮೇಲೆ ಪೇಪರ್ ಓದುತ್ತಾರೋ ಇಲ್ಲವೋ ಎಂಬ ಫಿಲ್ಟರ್ ಪ್ರಶ್ನೆ, ಪತ್ರಿಕೆಯ ಹೆಸರಿನ ಪಟ್ಟಿ ತೋರಿಸುವ ಮಾಸ್ಟ್‌ಹೆಡ್, ಒಂದು ಸಂಚಿಕೆಗೆ ಸರಾಸರಿ ಎಷ್ಟು ಓದುಗರು ಎಂಬ ಎಐಆರ್ ಲೆಕ್ಕ. ಎಲ್‌ಒಐ, ಅಂದರೆ ಒಂದು ಇಂಟರ್‌ವ್ಯೂನ ಅವಧಿ, ಸುಮಾರು 35 ನಿಮಿಷ ಇರಬೇಕು ಅಂತ ಬ್ರೀಫಿಂಗ್‌ನಲ್ಲಿ ಹೇಳಿದ್ದರು.

ನಮ್ಮ ಟೀಮಿನಲ್ಲಿ ಒಬ್ಬರು ಮೇಡಂ ಇದ್ದರು. ಟೀಪುಡಿ ಸರ್ವೇಯಿಂದ ಎಕ್ಸಿಟ್ ಪೋಲ್ ತನಕ ಎಲ್ಲ ಮಾಡಿದ ಪಳಗಿದ ಕೈ. ಆ ಊರಿನ ಕ್ಲಸ್ಟರ್, ಅಂದರೆ ಅಲ್ಲಿ ಕೇಳಬೇಕಾದ ಮನೆಗಳ ಗುಂಪು, ಅವರದ್ದೇ. ಸಂಜೆ ಸಿಂಕ್ ಆದಾಗ ಡ್ಯಾಶ್‌ಬೋರ್ಡಿನಲ್ಲಿ ಅವರ ಹೆಸರಿನ ಮುಂದೆ ಸಾಲಾಗಿ ಕೆಂಪು. 11 ನಿಮಿಷ, 12 ನಿಮಿಷ, ಮತ್ತೆ 11. ಅದಕ್ಕಿಂತ ಕೆಟ್ಟದ್ದೆಂದರೆ, ಕ್ಲೈಂಟ್ ಪತ್ರಿಕೆಗೆ ಆ ಊರಲ್ಲಿ ಒಬ್ಬನೇ ಒಬ್ಬ ಓದುಗ ಇರಲಿಲ್ಲ. ಸೊನ್ನೆ.

ರಾತ್ರಿ ಊಟಕ್ಕೆ ಹೊರಡುವ ಹೊತ್ತಿಗೆ ಕಾನ್ಫರೆನ್ಸ್ ಕಾಲ್ ಬಂತು. ನಾನು ಲಾಡ್ಜ್ ರೂಮಿನಲ್ಲಿ, ಆಪರೇಷನ್ಸ್ ಹೆಡ್ ಬೆಂಗಳೂರಿನಲ್ಲಿ, ಕ್ಲೈಂಟ್ ಕಡೆಯ ರಿಸರ್ಚ್ ಮ್ಯಾನೇಜರ್ ಕೂಡ ಲೈನಿನಲ್ಲಿ. "ಹನ್ನೊಂದು ನಿಮಿಷದಲ್ಲಿ ಯಾರ್ರೀ ಇಂಟರ್‌ವ್ಯೂ ಮುಗಿಸ್ತಾರೆ? ಆಕೆಯದ್ದು ಪೂರ್ತಿ ಕ್ಯಾನ್ಸಲ್ ಮಾಡಿ. ಪೇಮೆಂಟ್ ಹೋಲ್ಡ್ ಮಾಡಿ" ಎಂದರು ನಮ್ಮ ಹೆಡ್. ಕ್ಲೈಂಟ್ ಅದಕ್ಕಿಂತ ಬಿಸಿಯಾಗಿದ್ದರು. "ನಮ್ಮ ಏಜೆಂಟ್ ದಿನಾ ಆ ಊರಿಗೆ ಬಂಡಲ್ ಇಳಿಸ್ತಾನೆ. ಓದೋರೇ ಇಲ್ಲ ಅಂದ್ರೆ ಏನರ್ಥ? ಇನ್ನೊಂದು ನಾಗಪುರ ಮಾಡಬೇಡಿ."

ನಾಗಪುರ ಅಂದರೆ ನಮ್ಮ ಲೈನಿನವರಿಗೆಲ್ಲ ಗೊತ್ತು. 2014ರ ಜನವರಿಯಲ್ಲಿ ಐಆರ್‌ಎಸ್ 2013 ಹೊರಗೆ ಬಂದಾಗ ಅಲ್ಲಿನ ಇಂಗ್ಲಿಷ್ ದಿನಪತ್ರಿಕೆ ಹಿತವಾದಕ್ಕೆ ಒಬ್ಬ ಓದುಗನೂ ಇರಲಿಲ್ಲ. ಪತ್ರಿಕೆಗಳ ಮಾರಾಟ ಪರಿಶೀಲಿಸುವ ಎಬಿಸಿ ಸಂಸ್ಥೆ ಪ್ರಮಾಣಿಸಿದ ಅದರ ಪ್ರಸಾರ 60 ಸಾವಿರದ ಮೇಲಿತ್ತು. ಬಿಸಿನೆಸ್‌ಲೈನ್ ಪತ್ರಿಕೆಗೆ ಚೆನ್ನೈಗಿಂತ ಮಣಿಪುರದಲ್ಲಿ ಓದುಗರು ಜಾಸ್ತಿ ಎಂದು ಬಂದಿತ್ತು. 18 ಪತ್ರಿಕಾ ಸಂಸ್ಥೆಗಳು ಒಟ್ಟಾಗಿ ಆ ವರದಿಯನ್ನು ತಿರಸ್ಕರಿಸಿದವು. ಆ ಸರ್ವೇ ನಡೆದದ್ದು ಹಳೆಯ ಪೇಪರ್-ಪೆನ್ಸಿಲ್‌ನಲ್ಲಲ್ಲ, ಎರಡು ಸ್ಕ್ರೀನಿನ ಕಂಪ್ಯೂಟರ್ ಇಂಟರ್‌ವ್ಯೂನಲ್ಲಿ. ಆಗ ಅದಕ್ಕಿಂತ ಹೊಸದು ನಮ್ಮ ಕೈಗೆ ಬಂದಿರಲಿಲ್ಲ.

ಕೆಂಪು ಸಾಲು ನೋಡಿದಾಗ ನನಗೂ ಅನುಮಾನ ಬಂದಿತ್ತು. ಆದರೆ ಮೇಡಂ ಇಂಟರ್‌ವ್ಯೂ ಮಾಡುವಾಗ ನಾನು ಜೊತೆಗೆ ಹೋಗಿದ್ದೆ, ಅವರ ಕೆಲಸ ಕಂಡಿದ್ದೆ. ಪ್ರಶ್ನೆಯನ್ನು ಪೂರ್ತಿ ಓದುವವರು ಅವರು. ಅದಕ್ಕೇ "ಹತ್ತು ನಿಮಿಷ ಕೊಡಿ, ಆಡಿಯೊ ಕೇಳ್ತೀನಿ" ಅಂದೆ. ಹೆಡ್ ಒಪ್ಪಲಿಲ್ಲ. ಕ್ಲೈಂಟ್ ಒಪ್ಪಿದರು.

ಲಾಡ್ಜಿನ ನೆಟ್‌ವರ್ಕ್‌ನಲ್ಲಿ ಆಡಿಯೊ ಫೈಲ್ ಇಳಿಯುವುದೇ ಇಲ್ಲ. ಫೋನನ್ನು ಕಿಟಕಿಯ ಸರಳಿನ ಹತ್ತಿರ ಇಟ್ಟು ಹಾಟ್‌ಸ್ಪಾಟ್ ಮಾಡಿದೆ. ಕಾಲ್ ಇನ್ನೊಂದು ಫೋನಿನಲ್ಲಿ ಹಾಗೇ ಇದೆ. ಯಾರೂ ಮಾತಾಡುತ್ತಿಲ್ಲ, ಯಾರೂ ಇಟ್ಟೂ ಇಲ್ಲ. ಆಗಾಗ ಹೆಡ್ ಗಂಟಲು ಸರಿ ಮಾಡಿಕೊಳ್ಳುವುದು ಕೇಳುತ್ತದೆ. ಅಷ್ಟು ಉದ್ದದ ಹತ್ತು ನಿಮಿಷವನ್ನು ನಾನು ಬೇರೆ ಯಾವ ಪ್ರಾಜೆಕ್ಟಿನಲ್ಲೂ ಕಂಡಿಲ್ಲ. ಒಬ್ಬ ಹೆಂಗಸಿನ ತಿಂಗಳ ಸಂಪಾದನೆ, ಅವರ ಹೆಸರು ಎರಡೂ ಆ ಫೈಲಿನಲ್ಲಿದ್ದವು.

ಮೊದಲ ಫೈಲ್ ತೆರೆಯಿತು. ಮೇಡಂ ದನಿ ಸ್ಪಷ್ಟವಾಗಿದೆ. "ಯಜಮಾನ್ರೇ, ಕಳೆದ ಒಂದು ತಿಂಗಳಲ್ಲಿ ಯಾವುದಾದರೂ ದಿನಪತ್ರಿಕೆ ಓದಿದ್ದೀರಾ?" ವಯಸ್ಸಾದವರೊಬ್ಬರ ಉತ್ತರ: "ಇಲ್ಲ ಕಣಮ್ಮ, ನಮ್ಮನೆಗೆ ಪೇಪರ್ ತರ್ಸಲ್ಲ." ಮೇಡಂ ಪ್ರಶ್ನೆಯನ್ನು ಮತ್ತೊಮ್ಮೆ ಓದುತ್ತಾರೆ, ಒಂದು ಅಕ್ಷರ ಬಿಡದೆ. "ಇಲ್ಲಮ್ಮ, ಮನೇಲಿ ಯಾರೂ ತರ್ಸಲ್ಲ." ಫಿಲ್ಟರ್‌ನಲ್ಲಿ 'ಇಲ್ಲ' ಒತ್ತಿದರೆ ಪ್ರಿಂಟ್ ಸೆಕ್ಷನ್ ಪೂರ್ತಿ ಸ್ಕಿಪ್ ಆಗುತ್ತದೆ. ಮಾಸ್ಟ್‌ಹೆಡ್ ಇಲ್ಲ, ಫ್ರೀಕ್ವೆನ್ಸಿ ಇಲ್ಲ, ಏನೂ ಇಲ್ಲ. ಉಳಿದದ್ದು 11 ನಿಮಿಷ. ಎರಡನೆಯ ಫೈಲೂ ಹಾಗೇ, ಮೂರನೆಯದೂ ಹಾಗೇ.

ಕಾಲ್‌ನಲ್ಲಿ ಇದನ್ನೇ ಹೇಳಿದೆ. ಸ್ವಲ್ಪ ಹೊತ್ತು ಮೌನ. ಆಮೇಲೆ ಕ್ಲೈಂಟ್ ಕೇಳಿದ್ದು ಸರಿಯಾದ ಪ್ರಶ್ನೆ: "ಹಾಗಾದ್ರೆ ನಮ್ಮ ಬಂಡಲ್ ಎಲ್ಲಿ ಹೋಗ್ತಿದೆ?"

ಮಾರನೆಯ ದಿನ ಬೆಳಿಗ್ಗೆ ನಾನು ಮತ್ತು ಮೇಡಂ ಬಸ್ ಸ್ಟ್ಯಾಂಡ್ ಪಕ್ಕದ ಹೋಟೆಲಿನಲ್ಲಿ ಕೂತೆವು. ಪೇಪರ್ ಬಂದ ಕೂಡಲೇ ಹಾಳೆ ಹಾಳೆಯಾಗಿ ಬೇರೆಯಾಯಿತು. ಜಿಲ್ಲಾ ಪುಟ ಒಂದು ಟೇಬಲ್‌ಗೆ, ಕ್ರೀಡಾ ಪುಟ ಇನ್ನೊಂದಕ್ಕೆ, ಮುಖಪುಟ ಗಲ್ಲಾ ಹತ್ತಿರ. ಕೊಬ್ಬರಿ ರೇಟು ಇರುವ ಹಾಳೆಗೆ ಸರದಿ. ಒಬ್ಬರು ಜೋರಾಗಿ ಓದುತ್ತಿದ್ದರು, ಪಕ್ಕದವರು ಟೀ ಕುಡಿಯುತ್ತಾ ಕೇಳುತ್ತಿದ್ದರು. ಗಲ್ಲಾ ಹತ್ತಿರ ಮುಖಪುಟ ಹಿಡಿದು ಕೂತಿದ್ದವರು ಆಡಿಯೊದಲ್ಲಿದ್ದ ಅದೇ ಯಜಮಾನರು. ಹಿಡಿದಿದ್ದು ಕ್ಲೈಂಟ್ ಪತ್ರಿಕೆಯೇ. "ನಿನ್ನೆ ಪೇಪರ್ ಓದಲ್ಲ ಅಂದ್ರಲ್ಲಾ" ಎಂದು ಮೇಡಂ ನಗುತ್ತಾ ಕೇಳಿದರು. "ನೀವು ಮನೆಗೆ ಬಂದು ಕೇಳಿದ್ರಿ, ಮನೆ ವಿಷ್ಯ ಹೇಳ್ದೆ. ಇದು ಹೋಟೆಲ್ದು" ಎಂದರು ಅವರು. ಅವರ ಮಾತಿನಲ್ಲಿ ತಪ್ಪೇನಿತ್ತು? ಗ್ಯಾಸ್, ಟಿವಿ, ಬೈಕು ಎಂದು ಮನೆಯ ವರ್ಗ ಗುರುತಿಸುವ ಎನ್‌ಸಿಸಿಎಸ್ ಪಟ್ಟಿಯನ್ನೆಲ್ಲ ಮನೆಯ ಲೆಕ್ಕದಲ್ಲೇ ಕೇಳಿ, ಅದರ ಬೆನ್ನಿಗೇ ಪೇಪರ್ ವಿಷಯ ಎತ್ತಿದರೆ ಯಾರಾದರೂ ಮನೆಯ ಲೆಕ್ಕವನ್ನೇ ಹೇಳುತ್ತಾರೆ.

ಎಬಿಸಿ 1948ರಿಂದ ಪ್ರತಿಗಳನ್ನು ಎಣಿಸುತ್ತಿದೆ. ಎಷ್ಟು ಮಾರಾಟವಾಯಿತು ಎಂಬುದು ಅಲ್ಲಿ ಸಿಗುತ್ತದೆ. ಒಂದು ಪ್ರತಿಯನ್ನು ಎಷ್ಟು ಜನ ಓದಿದರು ಎಂದು ತಿಳಿಯಲಿಕ್ಕೇ ರೀಡರ್‌ಶಿಪ್ ಸರ್ವೇ ಇರುವುದು. ಮನೆ ಹೊರಗಿನ ಓದು ನಮ್ಮ ಪ್ರಶ್ನೆಯಲ್ಲೇ ಜಾರಿ ಹೋದರೆ ನಾವು ಮಾಡುವುದಕ್ಕೂ ಎಬಿಸಿ ಮಾಡುವುದಕ್ಕೂ ವ್ಯತ್ಯಾಸ ಏನು ಉಳಿಯಿತು?

ಆಮೇಲೆ ನಡೆದದ್ದು ನನಗೆ ಇನ್ನೂ ಜಾಸ್ತಿ ಸಿಟ್ಟು ತರಿಸಿತು. ಫೋಟೊ ಸಮೇತ ವರದಿ ಕಳಿಸಿದ ಮೇಲೆ ಹೆಡ್ ಆಫೀಸಿನಿಂದ ಬಂದ ಸಲಹೆ: "ಸರಿ, ಆ ಮನೆಗಳಲ್ಲಿ ಫಿಲ್ಟರ್ 'ಹೌದು' ಅಂತ ಎಡಿಟ್ ಮಾಡಿ, ಫೋನಿನಲ್ಲಿ ಉಳಿದದ್ದು ತುಂಬಿಸಿ." ನಾನು ಆಗೋದಿಲ್ಲ ಎಂದೆ. ಜನ ಕೊಟ್ಟ ಉತ್ತರ ಅದು. ನಮ್ಮ ಪ್ರಶ್ನೆ ಸರಿಯಿಲ್ಲ ಅಂತ ಅವರ ಉತ್ತರ ತಿದ್ದುವ ಹಕ್ಕು ನಮಗಿಲ್ಲ. ಬೇಕಿದ್ದರೆ ಹೊಸ ಪ್ರಶ್ನೆ ಇಟ್ಟುಕೊಂಡು ಹೊಸ ಮನೆಗಳಿಗೆ ಹೋಗೋಣ ಎಂದೆ. ಕ್ಲೈಂಟ್ ಆ ಒಂದು ಕ್ಲಸ್ಟರ್‌ಗೆ ದುಡ್ಡು ಕೊಟ್ಟರು.

ಫಿಲ್ಟರ್‌ಗೆ ಮುಂಚೆ ಜಾಗಗಳ ಪಟ್ಟಿ ಸೇರಿಸಿದೆವು. ಹೋಟೆಲ್, ಕಟಿಂಗ್ ಶಾಪ್, ಗ್ರಂಥಾಲಯ, ಹಾಲಿನ ಡೇರಿ, ಪಕ್ಕದ ಮನೆ, ಕೆಲಸದ ಜಾಗ. ಒಂದೊಂದೇ ಓದಿ, ಅಲ್ಲಿ ಪೇಪರ್ ಕೈಗೆ ತಗೊಂಡಿದ್ರಾ ಎಂದು ಕೇಳುವುದು. ಮೊದಲು ಎಲ್ಲರೂ 'ಇಲ್ಲ' ಎಂದ ಊರಿನಲ್ಲಿ ಈಗ 'ಹೌದು' ಬರತೊಡಗಿತು. ಹೀಗೆ ಎತ್ತಿಕೊಟ್ಟು ಕೇಳಿದರೆ ಸುಮ್ನೆ ಹೌದು ಎನ್ನುವವರೂ ಇರುತ್ತಾರೆ, ಅದು ನಿಜ. ಅದಕ್ಕೇ ಪತ್ರಿಕೆಗಳ ಪಟ್ಟಿಗೆ ಎಲ್ಲೂ ಇಲ್ಲದ ಪತ್ರಿಕೆಯ ಹೆಸರೊಂದನ್ನು ಸೇರಿಸಿ ನೋಡಬೇಕು. ಅದನ್ನೂ ಓದಿದ್ದೇನೆ ಎನ್ನುವವರು ಎಷ್ಟು ಜನ ಅಂತ ಗೊತ್ತಾದರೆ ಉಳಿದ 'ಹೌದು'ಗಳನ್ನು ಎಷ್ಟು ನಂಬಬೇಕು ಎಂಬುದೂ ಗೊತ್ತಾಗುತ್ತದೆ.

ಇದೇ ಪ್ರಾಜೆಕ್ಟಿನಲ್ಲಿ ಹಸಿರು ಸಾಲಿನ ಹುಡುಗನೊಬ್ಬನಿದ್ದ. ಎಲ್ಲ ಇಂಟರ್‌ವ್ಯೂ 35 ನಿಮಿಷದ ಆಸುಪಾಸು. ಜಿಪಿಎಸ್ ಸರಿ, ಕೋಟಾ ಸರಿ. ಮೇಡಂ ಆಡಿಯೊ ಕೇಳಿದ ಅಭ್ಯಾಸದಲ್ಲಿ ಅವನದ್ದನ್ನೂ ಕೇಳಿದೆ. ಬೇರೆ ಬೇರೆ ಮನೆ ಎಂದು ಬರೆದ ಫೈಲುಗಳಲ್ಲೆಲ್ಲ ಹಿಂದೆ ಅದೇ ಹಿಟ್ಟಿನ ಗಿರಣಿಯ ಸದ್ದು, ಉತ್ತರ ಹೇಳುವ ದನಿಯೂ ಒಂದೇ. ಗಿರಣಿ ಪಕ್ಕದ ಕಟ್ಟೆಯಲ್ಲಿ ಗೆಳೆಯನನ್ನು ಕೂರಿಸಿಕೊಂಡು ಟ್ಯಾಬ್ ತುಂಬಿಸಿದ್ದ. ಅವನನ್ನು ತೆಗೆದರು, ತೆಗೆಯಲೇಬೇಕಿತ್ತು. ಆದರೆ ಇಂಟರ್‌ವ್ಯೂಗೆ ಇಷ್ಟು ಅಂತ ಕೊಟ್ಟು, ಬಸ್ ಚಾರ್ಜೂ ಅದರಲ್ಲೇ ಅಂದರೆ, ಬಾಗಿಲು ಹಾಕಿರುವ ಮನೆಗೆ ಮೂರನೇ ಸಲ ಯಾರು ಹೋಗುತ್ತಾರೆ? ಈ ಮಾತನ್ನು ಡಿಬ್ರೀಫ್‌ನಲ್ಲಿ ಎತ್ತಿದೆ. ಮಿನಿಟ್ಸ್‌ನಲ್ಲಿ ಬರಲಿಲ್ಲ.

ಮಾಸ್ಟ್‌ಹೆಡ್ ವಿಷಯವೂ ಹೀಗೇ. ವಿಜಯ ಕರ್ನಾಟಕ, ಸಂಯುಕ್ತ ಕರ್ನಾಟಕ, ವಿಜಯವಾಣಿ, ಪ್ರಜಾವಾಣಿ, ಉದಯವಾಣಿ. ಐದು ಹೆಸರಲ್ಲಿ ಮೂರು 'ವಾಣಿ', ಎರಡು 'ಕರ್ನಾಟಕ', ಎರಡು 'ವಿಜಯ'. ಜನ "ವಾಣಿ ಬರತ್ತೆ", "ವಿಜಯ ನೋಡ್ತೀನಿ" ಅಂತಾರೆ. ಇನ್ವೆಸ್ಟಿಗೇಟರ್ ಅವಸರದಲ್ಲಿದ್ದರೆ ಯಾವುದೋ ವಾಣಿ ಟಿಕ್ ಆಗುತ್ತದೆ. ಟ್ಯಾಬಿನಲ್ಲಿ ಮಾಸ್ಟ್‌ಹೆಡ್ ತೋರಿಸಿದರೆ ಸರಿ ಹೋಗುತ್ತದೆ ಎಂಬುದು ಆಫೀಸಿನವರ ನಂಬಿಕೆ. ನಮ್ಮ ಟ್ಯಾಬಿನಲ್ಲಿ ಎಲ್ಲ ಮಾಸ್ಟ್‌ಹೆಡ್‌ಗಳೂ ಒಂದೇ ಅಳತೆ, ಕಪ್ಪು-ಬಿಳುಪು. ಬಿಸಿಲಿನಲ್ಲಿ ಜಗುಲಿ ಮೇಲೆ ಕೂತ ಕನ್ನಡಕದ ಅಜ್ಜನಿಗೆ ಅದು ಎಷ್ಟು ಕಂಡೀತು? ಮೇಡಂ ಬ್ಯಾಗಿನಲ್ಲಿ ಎಲ್ಲ ಪತ್ರಿಕೆಗಳ ನಿಜವಾದ ಮುಖಪುಟ ಮಡಚಿ ಇಟ್ಟುಕೊಂಡಿರುತ್ತಾರೆ. ಗೊಂದಲವಾದಾಗ ಬಿಡಿಸಿ ತೋರಿಸುತ್ತಾರೆ. ಪ್ರೋಟೋಕಾಲ್ ಪ್ರಕಾರ ಅದು ತಪ್ಪಂತೆ. ಪ್ರೋಟೋಕಾಲನ್ನೇ ಬದಲಿಸಬೇಕು.

ಮ್ಯಾಗಜಿನ್ ಕಡೆಯವರ ಗೋಳು ಇನ್ನೂ ದೊಡ್ಡದು. ವಾರಪತ್ರಿಕೆಗೆ ಕಳೆದ ಏಳು ದಿನ, ಮಾಸಿಕಕ್ಕೆ ಕಳೆದ ಮೂವತ್ತು ದಿನ ಎಂದು ಎಐಆರ್ ಲೆಕ್ಕ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಕಾಯುತ್ತಾ ಆರು ತಿಂಗಳು ಹಳೆಯ ತರಂಗ ತಿರುವಿದವರೂ ಈ ವಾರದ ಓದುಗರೇ. ದೀಪಾವಳಿ ವಿಶೇಷಾಂಕವನ್ನು ಯುಗಾದಿಯ ತನಕ ದಿನಾ ಸ್ವಲ್ಪ ಸ್ವಲ್ಪ ಓದುವವರು ಪ್ರತಿ ಸಲ ಕೇಳಿದಾಗಲೂ ಹೌದು ಎನ್ನುತ್ತಾರೆ. ಇನ್ನೊಂದು ಕಡೆ ಒಂದೇ ವಾರದಲ್ಲಿ ಸುಧಾದ ಮೂರು ಹಳೆ ಸಂಚಿಕೆ ಓದಿದವರು ಒಬ್ಬರಾಗೇ ಉಳಿಯುತ್ತಾರೆ. ಯಾವ ಸಂಚಿಕೆ, ಎಲ್ಲಿ, ಎಷ್ಟು ಹೊತ್ತು ಎಂದು ಕೇಳದೆ ಇದು ಬಗೆಹರಿಯುವುದಿಲ್ಲ.

ಕೋವಿಡ್ ಬಂದಾಗ ಫೀಲ್ಡ್ ನಿಂತಿತು. 2019ರ ಕೊನೆಯ ತ್ರೈಮಾಸಿಕದ ಐಆರ್‌ಎಸ್ 2020ರ ಮೇ ತಿಂಗಳಲ್ಲಿ ಬಂದದ್ದೇ, ಆಮೇಲೆ ವರ್ಷಗಟ್ಟಲೆ ಹೊಸದು ಬರಲಿಲ್ಲ. ಅಷ್ಟರಲ್ಲಿ ಓದುವ ರೀತಿಯೇ ಬದಲಾಗಿತ್ತು. ಬೆಳಿಗ್ಗೆ ಐದಕ್ಕೆ ವಾಟ್ಸಾಪ್ ಗುಂಪಿಗೆ ಪಿಡಿಎಫ್ ಬಂದು ಬೀಳುತ್ತದೆ. ಅದನ್ನು ಓದಿದವರು ಪತ್ರಿಕೆಯ ಓದುಗರಲ್ವಾ? ಪತ್ರಿಕೆಯ ವೆಬ್‌ಸೈಟ್ ಲೆಕ್ಕದಲ್ಲೂ ಅವರಿಲ್ಲ, ಎಬಿಸಿ ಲೆಕ್ಕದಲ್ಲೂ ಇಲ್ಲ, ನಮ್ಮ ಟ್ಯಾಬಿನಲ್ಲೂ ಇಲ್ಲ. ಬ್ರಿಟನ್ನಿನಲ್ಲಿ 1956ರಿಂದ ನಡೆದುಬಂದ ರೀಡರ್‌ಶಿಪ್ ಸರ್ವೇ ಎನ್‌ಆರ್‌ಎಸ್ ಜಾಗಕ್ಕೆ ಪ್ಯಾಮ್ಕೊ ಎಂಬ ಹೊಸ ವ್ಯವಸ್ಥೆ ಬಂತು. ಕಾಗದ, ಫೋನ್, ಕಂಪ್ಯೂಟರ್ ಮೂರರಲ್ಲೂ ಓದುವವರನ್ನು ಒಂದೇ ಸಲ ಎಣಿಸುವುದು ಅದರ ಉದ್ದೇಶ. ಅಲ್ಲಿ ಬದಲಾದದ್ದು ಬರೀ ಯಂತ್ರವಲ್ಲ, ಎಣಿಸಬೇಕಾದದ್ದು ಏನು ಎಂಬುದೇ ಬದಲಾಯಿತು. ನಮ್ಮಲ್ಲಿಯೂ ಆಗಬೇಕಾದದ್ದು ಅದು, ಹೋಟೆಲ್ ಟೇಬಲ್ಲನ್ನೂ ಸೇರಿಸಿಕೊಂಡು.

ಮೇಡಂ ಪೇಮೆಂಟ್ ತಡವಾಗಿಯಾದರೂ ಬಂತು. ಎಲ್‌ಒಐ ಕೆಂಪಿನ ಪಕ್ಕದಲ್ಲೇ ಫಿಲ್ಟರ್ ಉತ್ತರ ಕಾಣುವಂತೆ ಮಾಡಿ ಎಂದು ಸಾಫ್ಟ್‌ವೇರ್‌ನವರಿಗೆ ಬರೆದಿದ್ದೇನೆ, ಮುಂದಿನ ವರ್ಷನ್‌ನಲ್ಲಿ ಅಂದಿದ್ದಾರೆ. ಜಾಗದ ಪ್ರಶ್ನೆ ಎಲ್ಲ ಕ್ಲಸ್ಟರ್‌ಗೂ ಬೇಕು ಎಂದರೆ ಇಂಟರ್‌ವ್ಯೂ ಉದ್ದವಾಗುತ್ತದೆ ಎನ್ನುತ್ತಾರೆ. ಅದೇ ಇಂಟರ್‌ವ್ಯೂನಲ್ಲಿ ಕೇಳುವ ಟೂತ್‌ಪೇಸ್ಟಿನ ಪ್ರಶ್ನೆ ಎರಡು ತೆಗೆಯಿರಿ ಎಂದು ಹೇಳಿದ್ದೇನೆ. ಮುಂದಿನ ರೌಂಡಿನ ಪ್ರಶ್ನಾವಳಿ ಇನ್ನೂ ಫೈನಲ್ ಆಗಿಲ್ಲ. ಈ ವಾರದ ಮೀಟಿಂಗಿನಲ್ಲಿ ಮತ್ತೆ ಕೇಳುತ್ತೇನೆ.