ಕುರ್ಚಿ ಎಳೀಬ್ಯಾಡ, ಎತ್ತಿ ಇಡು

ಶಾಲೆಯ ಸಂಚಿಕೆಗೆ ಏನಾದರೂ ಬರೆದುಕೊಡಿ ಅಂತ ಫೋನ್ ಬಂದಾಗ ಮೊದಲು ನೆನಪಾದದ್ದು ಸ್ಟಾಫ್ ರೂಮಿನ ಒಂದು ಮರದ ಕುರ್ಚಿ. ಅದರ ಒಂದು ಕಾಲು ಗಿಡ್ಡ. ಎಳೆದರೆ ಫರಸಿ ಮೇಲೆ ಕಿರ್ರ್ ಅಂತ ಸದ್ದು, ಮೈಯೆಲ್ಲ ಜುಮ್ ಅನ್ನೋದು. "ಏ ತಮ್ಮಾ, ಕುರ್ಚಿ ಎಳೀಬ್ಯಾಡ, ಎತ್ತಿ ಇಡು. ಹೊರಗ ಹೋಗು, ಮತ್ತ ಬಾ" ಅನ್ನುತ್ತಿದ್ದರು ವಿಜ್ಞಾನದ ಅಕ್ಕೋರು. ನಾನು ಮೂರು ಸಲ ಹೊರಗೆ ಹೋಗಿ ಮೂರು ಸಲ ಒಳಗೆ ಬಂದವನು.

ನಾನು ಬೆಟಗೇರಿಯ ಈ ಶಾಲೆಯಿಂದ ಎಸ್‌ಎಸ್‌ಎಲ್‌ಸಿ ಮುಗಿಸಿದ್ದು 1996ರಲ್ಲಿ. ಗದಗ ಜಿಲ್ಲೆ ಆದದ್ದು ಮರುವರ್ಷ, ಆಗಿನ್ನೂ ನಾವು ಧಾರವಾಡ ಜಿಲ್ಲೆಯವರು. ನಮ್ಮ ಕ್ಲಾಸಿನ ಅರ್ಧ ಮಕ್ಕಳ ಮನೆಯಲ್ಲಿ ಮಗ್ಗ ಇತ್ತು. ಉಳಿದವರ ಅಪ್ಪಂದಿರು ಹಮಾಲಿ ಮಾಡುವವರು, ಪ್ರೆಸ್ಸಿನವರು, ಚಹಾದಂಗಡಿಯವರು. ಎಸ್‌ಯುಪಿಡಬ್ಲ್ಯು ಅಂತ ಒಂದು ಪಿರಿಯಡ್ ಇತ್ತಲ್ಲ, ಸಮಾಜಕ್ಕೆ ಉಪಯೋಗವಾಗುವ ಕೈಕೆಲಸ ಕಲಿಸುವುದಂತೆ, ಹೆಸರಷ್ಟೇ ದೊಡ್ಡದು. ಅದರಲ್ಲಿ ನಾವು ಮಾಡುತ್ತಿದ್ದುದು ಅಂಗಳದ ಕಸ ಕೀಳುವ ಕೆಲಸ.

ನಮಗಿಂತ ಒಂದು ವರ್ಷ ಮುಂದಿದ್ದ ಒಬ್ಬ ಹುಡುಗ ಫಸ್ಟ್ ಕ್ಲಾಸಿನಲ್ಲಿ ಪಾಸಾಗಿ ಒಂದು ಅಂಗಡಿಗೆ ಕೆಲಸ ಕೇಳಲು ಹೋಗಿದ್ದನಂತೆ. ಮಾಲಕರು "ಏನ್ ಬರತೈತಿ ನಿನಗ?" ಅಂದಾಗ ಬಾಯಿ ತೆರೆಯದೆ ವಾಪಸ್ ಬಂದ. ಇದು ಅಕ್ಕೋರ ಕಿವಿಗೆ ಬಿತ್ತು. ಆ ವರ್ಷದಿಂದ ಶನಿವಾರ ಮುಂಜಾನೆಯ ಶಾಲೆ ಬಿಟ್ಟ ಮೇಲೆ ಹತ್ತನೇ ತರಗತಿಯವರು ಒಂದು ತಾಸು ನಿಲ್ಲಬೇಕಾಯಿತು. ಹಸಿವೆ ಅಂದರೆ ಹಸಿವೆ. ನಾವು ಅದಕ್ಕೆ 'ಸಂದರ್ಶನದ ಆಟ' ಅಂತ ಹೆಸರಿಟ್ಟಿದ್ದೆವು.

ಟೇಬಲ್ಲಿನ ಆ ಕಡೆ ಅಕ್ಕೋರು, ಅವರ ಪಕ್ಕ ಬಸ್ ಡಿಪೋದ ಒಬ್ಬ ಮೆಕ್ಯಾನಿಕ್, ಬ್ಯಾಂಕಿನಿಂದ ರಿಟೈರ್ ಆದ ಒಬ್ಬ ಹೆಡ್ ಕ್ಯಾಷಿಯರ್. ಇಬ್ಬರೂ ನಮ್ಮ ಶಾಲೆಯ ಮಕ್ಕಳ ಮನೆಯವರೇ. ಆದರೂ ಆ ಟೇಬಲ್ಲಿನ ಹಿಂದೆ ಕುಳಿತರೆಂದರೆ ಬೇರೆ ಯಾರೋ ಆಗಿಬಿಡುತ್ತಿದ್ದರು. ಶಾಲೆಯ ಸಿಪಾಯಿ ಮಾಮಾ ಬಾಗಿಲಲ್ಲಿ ನಿಂತು ಪೂರ್ತಿ ಹೆಸರು ಕೂಗುತ್ತಿದ್ದ. ನನ್ನ ಸರದಿ ಬಂದಾಗ ಹೀಗಾಯಿತು.

"ಏನ್ ಬರತೈತಿ ನಿನಗ?"

"ಏನೂ ಇಲ್ರಿ."

"ಸೂಟಿಯೊಳಗ ಏನ್ ಮಾಡ್ತೀ?"

"ಸುಮ್ನ ಮಾಮಾನ ಪ್ರೆಸ್ಸಿಗೆ ಹೋಗ್ತೀನ್ರಿ."

"ಸುಮ್ನ ಅಂದ್ರ? ಅಲ್ಲಿ ನಿದ್ದಿ ಮಾಡ್ತೀ ಏನು?"

ಗದಗಿನಲ್ಲಿ ಪ್ರೆಸ್ಸುಗಳಿಗೇನು ಕಡಿಮೆ? ನಮ್ಮ ಮಾಮಾನದು ಒಂದೇ ಟ್ರೆಡಲ್ ಮಷೀನಿನ ಸಣ್ಣ ಪ್ರೆಸ್ಸು. ಲಗ್ನದ ದಿನಗಳಲ್ಲಿ ಪತ್ರಿಕೆ ಹಾಕುವ ಕೆಲಸ ಜಾಸ್ತಿ. ಒಂದು ಪತ್ರಿಕೆ ಅಚ್ಚಾದ ಮೇಲೆ ಅದರ ಮೊಳೆಗಳನ್ನು, ಅಂದರೆ ಅಚ್ಚಿನ ಬಿಡಿ ಅಕ್ಷರಗಳನ್ನು, ಬಿಚ್ಚಿ, ಸೀಮೆಎಣ್ಣೆಯಲ್ಲಿ ಒರೆಸಿ, ಒಂದೊಂದನ್ನೂ ಅದರದರ ಖಾನೆಗೆ ಹಾಕಬೇಕು. ಕ ಬೇರೆ, ಕಾ ಬೇರೆ, ಒತ್ತುಗಳೇ ಬೇರೆ. ಒಂದು ಮೊಳೆ ತಪ್ಪು ಖಾನೆಗೆ ಬಿದ್ದರೆ ಮುಂದಿನ ಪತ್ರಿಕೆಯಲ್ಲಿ ಮದುಮಗನ ಹೆಸರೇ ಕೆಡುತ್ತದೆ. ಮೊಳೆಯಲ್ಲಿ ಅಕ್ಷರ ಉಲ್ಟಾ ಇರುತ್ತದೆ, ಜೋಡಿಸುವಾಗ ತಲೆಕೆಳಗಾಗಿ ಓದಬೇಕು. ಎರಡು ಸೂಟಿ ಇದನ್ನೇ ಮಾಡಿ ನನ್ನ ಕಣ್ಣು ಅದಕ್ಕೆ ಪಳಗಿತ್ತು. ಆದರೆ ಇದನ್ನೆಲ್ಲ 'ಬರತೈತಿ' ಅನ್ನಬಹುದು ಅಂತ ನನಗೆ ಹೊಳೆದೇ ಇರಲಿಲ್ಲ. ಮನೆಯ ಕೆಲಸ ಅಲ್ವಾ ಅದು!

ಉತ್ತರ ತೋಚದೆ ತಲೆ ತಗ್ಗಿಸಿದೆ. ಅಕ್ಕೋರ ಮುಂದಿದ್ದ ಹಾಳೆ ಕಣ್ಣಿಗೆ ಬಿತ್ತು. ನನ್ನ ಹೆಸರಿನ ಮುಂದೆ 'ಕುರ್ಚಿ ಎಳೆದ. ದ್ವನಿ ಸಣ್ಣದು' ಅಂತ ಬರೆದಿದ್ದರು. ಬಾಯಿ ತಡೆಯಲಿಲ್ಲ.

"ಅಕ್ಕೋರ, ಧ್ವನಿ ಅನ್ನೋದ್ರಾಗ ಹೊಟ್ಟಿ ಸೀಳಿಲ್ರಿ."

ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಮೆಕ್ಯಾನಿಕ್ ಮಾಮಾ ಟೇಬಲ್ ಬಡಿದು ನಕ್ಕರು. "ಇವ ಆ ಕಡಿ ಕುಂತು ತಲಿಕೆಳಗ ಓದತಾನಲ್ರಿ!" ಅಕ್ಕೋರು ಕೆಂಪು ಪೆನ್ನು ತಗೊಂಡು ಮೊದಲು ತಮ್ಮ ತಪ್ಪು ತಿದ್ದಿದರು. ಆಮೇಲೆ ನನ್ನನ್ನು ಪ್ರೆಸ್ಸಿನ ಬಗ್ಗೆ ಕಾಲು ತಾಸು ಕೇಳಿದರು. ಮುಂದಿನ ಶನಿವಾರದ ಹೊತ್ತಿಗೆ ನನ್ನ ಉತ್ತರ ತಯಾರಿತ್ತು: "ಒಂದು ಲಗ್ನಪತ್ರಿಕೆಯ ಮೊಳೆ ಬಿಚ್ಚಿ ಖಾನೆ ಸೇರಿಸಾಕ ನನಗ ಅರ್ಧ ತಾಸು ಬೇಕ್ರಿ. ತಲೆಕೆಳಗ ಓದಿ ತಪ್ಪು ಹಿಡೀತೀನ್ರಿ."

'ಕಷ್ಟಪಟ್ಟು ಕೆಲಸ ಮಾಡ್ತೀನ್ರಿ' ಅನ್ನುವ ಮಾತು ಅಕ್ಕೋರಿಗೆ ಆಗುತ್ತಿರಲಿಲ್ಲ. "ಅದನ್ನ ಎಲ್ಲಾರೂ ಹೇಳ್ತಾರ. ಏನ್ ಮಾಡೀ, ಎಷ್ಟ್ ಮಾಡೀ, ಅದನ್ನ ಹೇಳು" ಅನ್ನುತ್ತಿದ್ದರು. ಮನೆಯ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವ ಹುಡುಗಿಗೆ ಮುಂಜಾನೆ ಶಾಲೆಗೆ ಬರುವ ಮುಂಚೆ ಎಷ್ಟು ಕಂಡಿಕೆ ಸುತ್ತುತ್ತೀ ಅಂತ ಎಣಿಸಿಕೊಂಡು ಬರಲು ಹೇಳಿದರು. ಅವಳು ಎಣಿಸಿಕೊಂಡು ಬಂದು ಸಂಖ್ಯೆ ಹೇಳಿದಾಗ ಅವಳಿಗೇ ಆಶ್ಚರ್ಯ.

ಹೆಸರಿನ ವಿಷಯದಲ್ಲಿ ಮಾತ್ರ ಅಕ್ಕೋರು ಬಹಳ ಕಟ್ಟುನಿಟ್ಟು. ನಮ್ಮ ಕಡೆ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಅಂತ ಮೂರು ತುಂಡು. ಒಂದು ಕಡೆ ಅಡ್ಡಹೆಸರು ಮುಂದೆ, ಇನ್ನೊಂದು ಕಡೆ ಹಿಂದೆ, ಮತ್ತೊಂದು ಕಡೆ ಬರೀ ಇನಿಷಿಯಲ್. "ಮಾರ್ಕ್ಸ್ ಕಾರ್ಡಿನ್ಯಾಗ ಹೆಂಗೈತೋ ಹಂಗ ಬರೀರಿ, ಸಾಯೋತನ ಹಂಗ ಬರೀರಿ" ಅಂತ ಹೇಳಿ ನೂರು ಸಲ ಬರೆಸಿದ್ದರು. ಆಗ ಇದು ಶಿಕ್ಷೆ ಅನಿಸಿತ್ತು. ಈಗ ನಮ್ಮ ಕಾರ್ಖಾನೆಯಲ್ಲಿ ಪಿಎಫ್ ದುಡ್ಡು ತೆಗೆಯಲು ಹೋಗಿ, ಆಧಾರಿನಲ್ಲಿ ಒಂದು ಹೆಸರು, ಪಿಎಫ್ ಖಾತೆಯಲ್ಲಿ ಇನ್ನೊಂದು ಅಂತ ತಿಂಗಳುಗಟ್ಟಲೆ ಅಲೆಯುವವರನ್ನು ನೋಡುತ್ತೇನೆ. ನನ್ನದು ಒಂದು ಅಕ್ಷರವೂ ಹೆಚ್ಚುಕಡಿಮೆ ಇಲ್ಲ.

ಆದರೆ ಅಕ್ಕೋರ ಎಲ್ಲ ಮಾತನ್ನೂ ನಾನು ಪಾಲಿಸಿದವನಲ್ಲ. "ಒರಿಜಿನಲ್ ತೋರಿಸ್ರಿ, ವಾಪಸ್ ಇಸ್ಕೋರಿ, ಝೆರಾಕ್ಸ್ ಅಷ್ಟ ಕೊಡ್ರಿ" ಅಂತ ಹೇಳಿದ್ದರು. ಐಟಿಐನಲ್ಲಿ ಎರಡು ವರ್ಷ ಫಿಟ್ಟರ್ ಕಲಿತು, ಒಂದು ವರ್ಷ ಅಪ್ರೆಂಟಿಸ್ ಮುಗಿಸಿ, 1999ರಲ್ಲಿ ಹುಬ್ಬಳ್ಳಿಯ ಒಂದು ವರ್ಕ್‌ಶಾಪಿಗೆ ಸೇರಿದೆ. ಕೆಲಸ ಸಿಕ್ಕ ಖುಷಿಯಲ್ಲಿ ಮಾಲಕ ಕೇಳಿದ ತಕ್ಷಣ ಮೂಲ ಮಾರ್ಕ್ಸ್ ಕಾರ್ಡು ಕೊಟ್ಟುಬಿಟ್ಟೆ. ಬೇರೆ ಕಡೆ ಒಳ್ಳೆಯ ಕೆಲಸ ಕಾಣಿಸಿದಾಗ ಕಾರ್ಡು ಕೊಡಲಿಲ್ಲ. ಇಂದು ಬಾ, ನಾಳೆ ಬಾ. ಎಂಟು ತಿಂಗಳು. ಗದಗ-ಹುಬ್ಬಳ್ಳಿ ಪ್ಯಾಸೆಂಜರಿನಲ್ಲಿ ಅಣ್ಣಿಗೇರಿ ದಾಟುವಾಗಲೆಲ್ಲ ಅಕ್ಕೋರ ಮುಖ ನೆನಪಾಗಿ ಹೊಟ್ಟೆ ಉರಿಯುತ್ತಿತ್ತು. ಕೊನೆಗೆ ನಮ್ಮಪ್ಪ ಬಂದು ಆ ವರ್ಕ್‌ಶಾಪಿನ ಬಾಗಿಲಲ್ಲಿ ಇಡೀ ದಿನ ಕುಳಿತ. ಸಂಜೆ ಕಾರ್ಡು ಬಂತು, ಒಂದು ಮೂಲೆಯಲ್ಲಿ ಗ್ರೀಸಿನ ಕಲೆ. ಆ ಕಲೆ ಇನ್ನೂ ಇದೆ.

ಮುಂದಿನ ಕಾರ್ಖಾನೆಯಲ್ಲಿ ಮೊದಲ ಸಂಬಳದ ಚೀಟಿ ಸಿಕ್ಕಾಗ ಅಪ್ಪನಿಗೆ ಸಿಟ್ಟು ಬಂತು. "ನೂರಕ್ಕೆ ಹನ್ನೆರಡು ರೂಪಾಯಿ ಮುರಕೊಂಡಾರ, ಇದೇನ್ ಮೋಸ?" ಚೀಟಿ ಹಿಡಿದು ಅಕ್ಕೋರ ಮನೆಗೇ ಹೋದೆವು. ಅವರು ಚಹಾ ಕೊಟ್ಟು, ಪಿಎಫ್ ಅಂದರೆ ಏನು, ಮಾಲಕನೂ ಅಷ್ಟೇ ಪಾಲು ಹಾಕಬೇಕು, ಅದರಲ್ಲಿ ಸ್ವಲ್ಪ ಪೆನ್ಶನ್ನಿಗೆ ಹೋಗುತ್ತದೆ ಅಂತ ಒಂದು ಹಾಳೆಯಲ್ಲಿ ಲೆಕ್ಕ ಬರೆದು ತೋರಿಸಿದರು. ಅಪ್ಪ ಹಾಳೆಯನ್ನು ಮಡಚಿ ಕಿಸೆಗೆ ಹಾಕಿಕೊಂಡ. ಅವನಿಗೆ ಓದಲು ಬರುತ್ತಿರಲಿಲ್ಲ.

ಈಗ ನಾನು ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಹೊಸ ಹುಡುಗರನ್ನು ತಗೊಳ್ಳುವಾಗ ಟೇಬಲ್ಲಿನ ಆ ಕಡೆ ಕೂರುವವನು ನಾನೇ. ಪ್ರಶ್ನೆ ಕಡಿಮೆ ಕೇಳುತ್ತೇನೆ. ಒಂದು ರಾಡು, ಅದರ ದಪ್ಪ ಅಳೆಯುವ ಒಂದು ವರ್ನಿಯರ್ ಕೈಗೆ ಕೊಟ್ಟು ಅಳತೆ ಕೇಳುತ್ತೇನೆ. ಆ ವರ್ನಿಯರ್ ಸ್ವಲ್ಪ ಕೆಟ್ಟದ್ದು, ಬಾಯಿ ಮುಚ್ಚಿದರೂ ಸೊನ್ನೆ ತೋರಿಸುವುದಿಲ್ಲ. ಬೇಕಂತಲೇ ಇಟ್ಟುಕೊಂಡಿದ್ದೇನೆ. "ಸರ್, ಇದರಾಗ ಝೀರೋ ಎರರ್ ಐತ್ರಿ" ಅಂದವನ ಅರ್ಜಿ ಬಲಗಡೆ ಇಡುತ್ತೇನೆ. ಕಣ್ಣಿಗೆ ಕಂಡ ಅಂಕಿ ಗಟ್ಟಿಯಾಗಿ ಹೇಳುವವರೇ ಜಾಸ್ತಿ. ಅವರಲ್ಲಿ ಕೆಲವರಿಗೆ ಇಂಗ್ಲಿಷು ನನಗಿಂತ ಚೆನ್ನಾಗಿ ಬರುತ್ತದೆ. ಆದರೆ ಅದರಿಂದ ರಾಡಿನ ಅಳತೆ ಬದಲಾಗುವುದಿಲ್ಲವಲ್ಲ.

ಈಗ ಹಲವು ಸರಕಾರಿ ಹೈಸ್ಕೂಲುಗಳಲ್ಲಿ 9ನೇ ತರಗತಿಯಿಂದಲೇ ಆಟೋಮೊಬೈಲ್, ಐಟಿ, ರಿಟೇಲ್ ಅಂತ ವಿಷಯಗಳಿವೆ. ಒಳ್ಳೆಯದೇ. ಪುಸ್ತಕ ಇದೆ, ಪರೀಕ್ಷೆ ಇದೆ. ಹೊರಗೆ ಹೋಗಿ ಮತ್ತೆ ಬಾ ಅನ್ನುವವರು ಎಷ್ಟಿದ್ದಾರೋ.

ಹೋದ ವರ್ಷ ನಾನೂ ಒಂದು ಶನಿವಾರ ನಮ್ಮ ಶಾಲೆಗೆ ಹೋಗಿದ್ದೆ. ಅದೇ ಸ್ಟಾಫ್ ರೂಮು, ಕುರ್ಚಿ ಮಾತ್ರ ಪ್ಲಾಸ್ಟಿಕ್ಕಿನದು, ಎಳೆದರೂ ಅಷ್ಟು ಸದ್ದಿಲ್ಲ. ಒಬ್ಬ ಹುಡುಗಿ ಬಂದು ಕುಳಿತಳು. ಏನು ಬರುತ್ತದೆ ಅಂತ ಕೇಳಿದೆ. "ಏನೂ ಇಲ್ರಿ" ಅಂದಳು. ಸಂಜೆ ಏನು ಮಾಡುತ್ತೀ ಅಂದೆ. "ಸುಮ್ನ ಅವ್ವನ ಜೋಡಿ ಬಜಿ ಗಾಡಿ ಮ್ಯಾಲೆ ನಿಂದರ್ತೀನ್ರಿ." ರೊಕ್ಕ ಯಾರು ನೋಡಿಕೊಳ್ಳುತ್ತಾರೆ, ಫೋನಿಗೆ ಬಂದದ್ದೆಷ್ಟು ಕೈಗೆ ಬಂದದ್ದೆಷ್ಟು ಅಂತ ಯಾರು ಕೂಡಿಸುತ್ತಾರೆ ಅಂತ ಕೇಳುತ್ತಾ ಹೋದೆ. ಎಲ್ಲ ಅವಳೇ. ನಿನ್ನೆ ಎಷ್ಟು ಆಯಿತು ಅಂದಾಗ ಪೈಸೆ ಬಿಡದೆ ಹೇಳಿದಳು, ಹಾಗೇ ಎಣ್ಣೆಯ ರೇಟು ಏರಿದ್ದಕ್ಕೆ ಬೈದಳು.

ನಾನು ಹಾಳೆಯ ಮೇಲೆ ಬರೆದುಕೊಳ್ಳುತ್ತಿದ್ದೆ. ಅವಳು ಕತ್ತು ಉದ್ದ ಮಾಡಿ ನೋಡುತ್ತಿದ್ದಳು. ತಲೆಕೆಳಗಾಗಿ ಓದಲು ಬರುತ್ತಿಲ್ಲ ಅಂತ ಗೊತ್ತಾಯಿತು. ಹಾಳೆಯನ್ನು ಅವಳ ಕಡೆ ತಿರುಗಿಸಿ ಇಟ್ಟೆ.