ಫ್ಲೋರೈಡ್ ಪ್ರಾಜೆಕ್ಟ್, ಐದನೇ ವಾರ: ಸಿಕ್ಕಿದ್ದನ್ನೆಲ್ಲ ತೂಗಿ ನೋಡಿದೆವು

ಪಾವಗಡದ ಕಡೆ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಇರುವುದು ಹೊಸ ಸುದ್ದಿಯಲ್ಲ. ನಮ್ಮ ಒಂಬತ್ತನೇ ಕ್ಲಾಸಿನ ಮಕ್ಕಳ ಪ್ರಶ್ನೆ ಅದಕ್ಕಿಂತ ಚಿಕ್ಕದು: ಊರಿನ ನಲ್ಲಿಯಲ್ಲಿ ಈಗ ಬರುತ್ತಿರುವ ನೀರು ಕುಡಿಯಬಹುದಾ? ಉತ್ತರವನ್ನು ಮಕ್ಕಳ ಗ್ರಾಮಸಭೆಯಲ್ಲಿ ಹೇಳಬೇಕು. "ಇದು ನಿಮಗೆ ಹೇಗೆ ಗೊತ್ತು?" ಅಂತ ಪಂಚಾಯಿತಿ ಅಧಿಕಾರಿ (ಪಿಡಿಒ) ಕೇಳಿದರೆ ಮಕ್ಕಳು ತಡವರಿಸಬಾರದು. ಅದಕ್ಕೇ ಈ ವಾರ ಹೊಸದೇನನ್ನೂ ಕಲೆಹಾಕಲಿಲ್ಲ. ಇರುವ ಹಾಳೆಗಳನ್ನೇ ನೆಲದ ಮೇಲೆ ಹರಡಿಕೊಂಡು ಕೂತೆವು.

ಮೊದಲು ಪಕ್ಕಕ್ಕಿಟ್ಟಿದ್ದು ಟಿಡಿಎಸ್ ಮೀಟರ್ ಲೆಕ್ಕ. ಒಬ್ಬ ಹುಡುಗ ಮಾವನ ಮೀಟರ್ ತಂದು ಮನೆಮನೆಯ ನೀರು ಅಳೆದಿದ್ದ. ಅವನ ಶ್ರಮ ನೋಡಿ ಬೇಡ ಅನ್ನಲು ಕಷ್ಟವಾಯಿತು. ಆದರೆ ಆ ಮೀಟರ್ ನೀರಲ್ಲಿ ಕರಗಿರುವ ಒಟ್ಟು ಲವಣವನ್ನು ಅಂದಾಜು ಮಾಡುತ್ತದೆ, ಅಷ್ಟೇ. ಭಾರತೀಯ ಮಾನಕ ಸಂಸ್ಥೆ ಬಿಐಎಸ್ ಪ್ರಕಾರ ಲೀಟರಿಗೆ ಈ ಒಟ್ಟು ಲವಣ, ಅಂದರೆ ಟಿಡಿಎಸ್, 500 ಮಿಲಿಗ್ರಾಂ ಒಳಗಿರಬೇಕು, ಫ್ಲೋರೈಡ್ 1 ಮಿಲಿಗ್ರಾಂ ಒಳಗೆ. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ನೂರಾರು ಮಿಲಿಗ್ರಾಂ ನಡುವೆ ಆ ಒಂದೂವರೆ ಮಿಲಿಗ್ರಾಂ ಫ್ಲೋರೈಡ್ ಈ ಮೀಟರಿಗೆ ಎಲ್ಲಿ ಕಾಣುತ್ತದೆ?

ಹಲ್ಲಿನ ವಿಷಯಕ್ಕೆ ಜಾಸ್ತಿ ಹೊತ್ತು ಹಿಡಿಯಿತು. ಮಕ್ಕಳು ಊರಲ್ಲಿ ಹಲ್ಲು ಕಂದಾಗಿರುವವರ ಪಟ್ಟಿ ಮಾಡಿಕೊಂಡು ಬಂದು, "ಸಾರ್, ಇದಕ್ಕಿಂತ ಸಾಕ್ಷಿ ಬೇಕಾ?" ಅಂದರು. ಫ್ಲೋರೈಡ್ ಜಾಸ್ತಿಯಾದರೆ ಹಲ್ಲಿನ ಮೇಲೆ ಕಲೆ ಬೀಳುತ್ತದೆ ನಿಜ, ಆದರೆ ಅದು ಬೀಳುವುದು ಚಿಕ್ಕಂದಿನಲ್ಲಿ, ಹಲ್ಲಿನ ಹೊರಪದರವಾದ ಎನಾಮಲ್ ಬೆಳೆಯುವಾಗ. ಹಾಗಾಗಿ ಅಜ್ಜಿಯ ಹಲ್ಲು ಹೇಳುವುದು ಅವರು ಮಗುವಾಗಿದ್ದಾಗ ಕುಡಿದ ನೀರಿನ ಕಥೆ. ಇದನ್ನು ಹೇಳಿ ಮುಗಿಸುವಷ್ಟರಲ್ಲಿ ಒಬ್ಬಳು ಹುಡುಗಿ, "ನಮ್ಮಮ್ಮ ಬಂದಿದ್ದು ಬೇರೆ ಊರಿಂದ ಸಾರ್, ಅವರ ಹೆಸರು ತೆಗೀಬೇಕು ಅಲ್ವಾ?" ಅಂದಳು. ಆ ಕ್ಷಣ ನನಗಾದ ಖುಷಿ ಹೇಳತೀರದು. ಈಗ ಇಲ್ಲೇ ಹುಟ್ಟಿ ಬೆಳೆದ ಚಿಕ್ಕ ಮಕ್ಕಳ ಪಟ್ಟಿ ಬೇರೆ, ಹಿರಿಯರದು ಬೇರೆ.

ಮಕ್ಕಳು ಮನೆಗಳಿಗೆ ಹೋಗಿ ಪ್ರಶ್ನೆ ಕೇಳಿ ಮಾಡಿದ್ದ ಸಮೀಕ್ಷೆಯಲ್ಲಿ ಎರಡು ತಪ್ಪು. "ನೀರು ಸರಿಯಿಲ್ಲ ಅಲ್ವಾ?" ಅಂತ ಕೇಳಿದರೆ ಯಾರು ತಾನೇ ಸರಿಯಿದೆ ಅಂತಾರೆ? ಇನ್ನೊಂದು ದೊಡ್ಡದು. ಹೋದ ಮನೆಗಳೆಲ್ಲ ಶಾಲೆ ಕಡೆಯವು. ಕೆರೆ ಆಚೆಯ ಕಾಲೋನಿಯ ಒಂದು ಮನೆಯೂ ಇರಲಿಲ್ಲ. ಅಲ್ಲಿಂದ ಬರುವ ಮಕ್ಕಳು ನಮ್ಮ ಕ್ಲಾಸಲ್ಲೇ ಇದ್ದಾರೆ. ನಾನು ಮೊದಲೇ ನೋಡಬೇಕಿತ್ತು.

ಶನಿವಾರ ಮೊದಲು ಕಾಲೋನಿಗೆ. ಪ್ರಶ್ನೆಯನ್ನೂ ಬದಲಾಯಿಸಿದ್ದೇವೆ: "ಕುಡಿಯೋಕೆ ನೀರು ಎಲ್ಲಿಂದ ತರ್ತೀರಿ?" ಪಂಚಾಯಿತಿಯ ಪರೀಕ್ಷಾ ಕಿಟ್ಟಲ್ಲಿ ಫ್ಲೋರೈಡ್ ಎಷ್ಟಿದೆ ಅಂತ ಬಣ್ಣ ಹೋಲಿಸಿ ನೋಡಬೇಕು. ಅದನ್ನು ಇಬ್ಬರು ಮಕ್ಕಳು ಒಬ್ಬರಿಗೊಬ್ಬರು ಹೇಳದೆ ಬರೆದುಕೊಳ್ಳುತ್ತಾರೆ. ಅದೇ ನೀರಿನ ಇನ್ನೊಂದು ಬಾಟಲಿ ಲ್ಯಾಬಿಗೆ ಹೋಗುತ್ತದೆ.