600 ಡಿಗ್ರಿಯಲ್ಲಿ ಬಿಗಿದುಕೊಂಡ ಉಕ್ಕು

ಕಟ್ಟುತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸಿ ಮುರಿದು ಬೆಳೆದವನಿಗೆ, ಕಾದ ಲೋಹವನ್ನು ಮತ್ತೆ ಮತ್ತೆ ಎಳೆದು ಒತ್ತಿದರೆ ಅದು ಸಡಿಲವಾಗುತ್ತಲೇ ಹೋಗಬೇಕೆಂದು ಅನ್ನಿಸುವುದು ಸಹಜ. ಸಂಶೋಧನಾ ವಿದ್ಯಾರ್ಥಿಯಾಗಿ ನಾನು ಒಬ್ಬನೇ ನಡೆಸಿದ ಮೊದಲ ಫೆಟೀಗ್ ಪರೀಕ್ಷೆಯ (ಲೋಹ ಬಿರುಕು ಬಿಡುವವರೆಗೆ ಮತ್ತೆ ಮತ್ತೆ ಎಳೆದು ಒತ್ತಿ ದಣಿಸುವುದು) ರಾತ್ರಿ ಈ ಅನಿಸಿಕೆಯೇ ನನ್ನನ್ನು ದಾರಿ ತಪ್ಪಿಸಿತು.

ಮಾದರಿ 316 ಎಲ್‌ಎನ್ ಸ್ಟೇನ್‌ಲೆಸ್ ಸ್ಟೀಲ್‌ನದು. ಕಲ್ಪಾಕ್ಕಂನ ಫಾಸ್ಟ್ ಬ್ರೀಡರ್ ಪರಮಾಣು ರಿಯಾಕ್ಟರಿನಲ್ಲಿ ಸುಮಾರು 547 ಡಿಗ್ರಿಯ ದ್ರವ ಸೋಡಿಯಂ ಮುಟ್ಟುವ ಭಾಗಗಳಿಗೆ ಬಳಸುವುದು ಇದೇ ಉಕ್ಕನ್ನು. ರಿಯಾಕ್ಟರು ನಿಂತು ಹೊರಟಾಗಲೆಲ್ಲ ಲೋಹ ಹಿಗ್ಗಲು, ಕುಗ್ಗಲು ಹವಣಿಸುತ್ತದೆ, ಅಕ್ಕಪಕ್ಕದ ಭಾಗಗಳು ಬಿಡುವುದಿಲ್ಲ. ಆ ಜಗ್ಗಾಟವನ್ನೇ ನಾವು ಯಂತ್ರದಲ್ಲಿ ಕಟ್ಟಿಕೊಳ್ಳುತ್ತೇವೆ. ಕುಲುಮೆ 600 ಡಿಗ್ರಿಯಲ್ಲಿ ಸ್ಥಿರವಾದ ಮೇಲೆ, ಉದ್ದದಲ್ಲಿ ಶೇಕಡಾ 0.6ರಷ್ಟು ಎಳೆತ, ಅಷ್ಟೇ ಒತ್ತು, ಸುತ್ತೊಂದಕ್ಕೆ 8 ಸೆಕೆಂಡು ಎಂದು ಹೊಂದಿಸಿ ಶುರುಮಾಡಿದೆ.

ಎಳೆತದ ಅಳತೆ ಬದಲಾಗದಿದ್ದರೂ ಅದಕ್ಕೆ ಬೇಕಾದ ಭಾರ ಸುತ್ತಿನಿಂದ ಸುತ್ತಿಗೆ ಏರತೊಡಗಿತು. ಐವತ್ತು ಸುತ್ತು ಮುಗಿಯುವುದರೊಳಗೆ ಅದು ಆರಂಭದ ಒಂದೂವರೆ ಪಟ್ಟನ್ನು ಮುಟ್ಟಿತ್ತು; ಸಾಲದೆಂಬಂತೆ ಭಾರವನ್ನು ದಾಖಲಿಸುವ ಗೆರೆಯ ಮೇಲೆ ಗರಗಸದ ಹಲ್ಲಿನಂಥ ಸಣ್ಣ ಏರಿಳಿತಗಳು. ತಾಪ ಅಳೆಯುವ ಥರ್ಮೋಕಪಲ್ ಕಳಚಿ ಮಾದರಿ ತಣ್ಣಗಾಗಿದೆ, ಹಲ್ಲುಗಳು ವಿದ್ಯುತ್ತಿನ ಗದ್ದಲ ಎಂದು ತೀರ್ಮಾನಿಸಿ, ಲಾಗ್ ಪುಸ್ತಕದಲ್ಲಿ ‘ಯಂತ್ರದೋಷ’ ಎಂದು ಬರೆದು, ಅಪರಾತ್ರಿಯಲ್ಲಿ ಮಾರ್ಗದರ್ಶಕರಿಗೆ ಫೋನ್ ಮಾಡಿದೆ. ನಿದ್ದೆಗಣ್ಣಿನಲ್ಲೂ ಅವರು ಬೈಯಲಿಲ್ಲ. ಪರೀಕ್ಷೆ ನಿಲ್ಲಿಸಬೇಡ, ನಾಳೆ ಇನ್ನೊಂದು ಮಾದರಿಯನ್ನು ಹತ್ತು ಪಟ್ಟು ನಿಧಾನವಾಗಿ ಎಳೆದು ನೋಡು ಎಂದರು.

ಬಿಸಿ ಲೋಹವನ್ನು ನಿಧಾನವಾಗಿ ಎಳೆದರೆ ಸಾಮಾನ್ಯವಾಗಿ ಕಡಿಮೆ ಬಲ ಸಾಕು. ಮರುದಿನ ಆದದ್ದು ತದ್ವಿರುದ್ಧ: ಭಾರ ಇನ್ನೂ ಹೆಚ್ಚಿತು. ಗದ್ದಲವಾಗಿದ್ದರೆ ಎಳೆಯುವ ವೇಗದ ಗೊಡವೆ ಅದಕ್ಕೇಕೆ? ಉಕ್ಕಿನೊಳಗೆ ಡಿಸ್‌ಲೊಕೇಶನ್‌ಗಳೆಂಬ ಸೂಕ್ಷ್ಮ ಗೆರೆಗಳು ಸರಿದಾಡುವುದರಿಂದಲೇ ಲೋಹ ಬಾಗುತ್ತದೆ. ಪ್ರತಿ ಸುತ್ತಿನಲ್ಲೂ ಅವು ಹೆಚ್ಚಿ ಒಂದಕ್ಕೊಂದು ತೊಡರಿಕೊಳ್ಳುತ್ತವೆ. ಈ ತಾಪದಲ್ಲಿ ಬೆರಕೆ ಪರಮಾಣುಗಳೂ ಚಲಿಸಬಲ್ಲವಾದ್ದರಿಂದ, ಗೆರೆ ತುಸು ತಡೆದು ನಿಂತಲ್ಲೆಲ್ಲ ಬಂದು ಸುತ್ತುವರಿದು ಕಟ್ಟಿಹಾಕುತ್ತವೆ. ನಿಧಾನಿಸಿದಷ್ಟೂ ಅವಕ್ಕೆ ಸಮಯ ಸಿಗುತ್ತದೆ, ಕಟ್ಟು ಬಿಗಿಯಾಗುತ್ತದೆ. ಗೆರೆಗಳು ಗುಂಪಾಗಿ ಕಿತ್ತುಕೊಂಡು ಮತ್ತೆ ಸಿಕ್ಕಿಬೀಳುವಾಗ ಮೂಡುವುದೇ ಆ ಗರಗಸದ ಹಲ್ಲು. ಎಲ್ಲ ಲೋಹಗಳೂ ಹೀಗಲ್ಲವೆನ್ನಿ: ಟರ್ಬೈನುಗಳಲ್ಲಿ ಬಳಸುವ ನಿಕಲ್ ಮಿಶ್ರಲೋಹ ಇನ್ಕೊನೆಲ್ 718 ಇಂಥ ಹೊಯ್ದಾಟದಲ್ಲಿ ಮೆತ್ತಗಾಗುತ್ತದೆ, ಏಕೆಂದರೆ ಅದನ್ನು ಗಟ್ಟಿಯಾಗಿಟ್ಟ ಸೂಕ್ಷ್ಮ ಕಣಗಳನ್ನೇ ಡಿಸ್‌ಲೊಕೇಶನ್‌ಗಳು ಕತ್ತರಿಸುತ್ತ ಹೋಗುತ್ತವೆ.

ನನ್ನ ಮೊದಲ ಮಾದರಿಯಲ್ಲಿ ಭಾರ ಬಹಳ ಹೊತ್ತು ಒಂದೇ ಮಟ್ಟದಲ್ಲಿ ನಿಂತಿತ್ತು. ಬೆಳಗಿನ ಜಾವ ಎಳೆತದ ಕಡೆ ಮಾತ್ರ ಇಳಿಯತೊಡಗಿತು, ಒತ್ತಿನ ಕಡೆ ಹಾಗೇ ಉಳಿಯಿತು: ಬಿರುಕು ಹುಟ್ಟಿತ್ತು, ಎಳೆದಾಗ ಬಾಯ್ದೆರೆದು, ಒತ್ತಿದಾಗ ಮುಚ್ಚಿಕೊಂಡು ಭಾರ ಹೊರುತ್ತಿತ್ತು.